ಬ್ಯಾಡಗಿ ಮೆಣಸಿನಕಾಯಿಯ ಮೇಲೊಂದು ಅಪವಾದ

ನಮ್ಮ ಬಚ್ಚಲುಮನೆಯ ಬಾಗಿಲ ಪಕ್ಕದ ಗೋಡೆಗೆ ಈಗ ಸಾಲಾಗಿ ಮೊಳೆ ಹೊಡೆದಿದೆ. ಒಂದೊಂದು ಮೊಳೆಗೆ ಒಂದೊಂದು ಟವೆಲು. ಯಜಮಾನರದು ನೀಲಿ, ನನ್ನದು ಹಳದಿ, ಬಾಣಂತಿ ಮಗಳದು ಗುಲಾಬಿ, ಮೊಮ್ಮಗಳದು ಮೆತ್ತನೆಯ ಬಿಳಿಯ ತುಂಡು. ಎಲ್ಲಕ್ಕೂ ಕೊನೆಗೆ ಒಂದು ಹಸಿರು ಟವೆಲು, ಅದರ ಒಡತಿಯ ವಿಚಾರಕ್ಕೆ ಆಮೇಲೆ ಬರುತ್ತೇನೆ. ರಾಣೆಬೆನ್ನೂರಿನ ನಮ್ಮ ಓಣಿಯ ಹೆಂಗಸರು ಕೂಸನ್ನು ನೋಡಲು ಬಂದವರು ಕೈಕಾಲು ತೊಳೆಯಲು ಆ ಕಡೆ ಹೋಗಿ, ಗೋಡೆಯನ್ನು ನೋಡಿ, "ಏನ್ರಿ ಇದು, ಮನ್ಯಾಗ ಹಾಸ್ಟೆಲ್ ಇಟ್ಟೀರೇನು?" ಎಂದು ಕೇಳದೆ ಬಿಡುವುದಿಲ್ಲ. ನಾನು ನಗುತ್ತೇನೆ. ಉತ್ತರ ಹೇಳುವುದಾದರೆ ಅವರ ಚಹಾ ಆರಿ ಹೋಗುತ್ತದೆ.

ಮೊದಲು ಇಲ್ಲಿದ್ದದ್ದು ಒಂದೇ ಮೊಳೆ, ಅದರ ಮೇಲೆ ಒಂದೇ ಟವೆಲು. ಬೆಳಿಗ್ಗೆ ಅತ್ತೆಯವರ ಮುಖದಿಂದ ಶುರುವಾಗಿ, ಯಜಮಾನರ ಬೆನ್ನು, ಮಕ್ಕಳ ತಲೆ, ನನ್ನ ಕೈ ಎಲ್ಲವನ್ನೂ ಸುತ್ತಿ, ಬಂದ ಬೀಗರ ಪಾದದವರೆಗೂ ಅದರ ಸೇವೆ ನಡೆಯುತ್ತಿತ್ತು. ಒಣಗಲು ಅದಕ್ಕೆ ಪುರುಸೊತ್ತೇ ಇರಲಿಲ್ಲ. ನಾನು ಮದುವೆಯಾಗಿ ಬಂದ ದಿನ ಮುಖ ತೊಳೆದು ಒರೆಸಿಕೊಳ್ಳಲು ಸೆರಗು ಎತ್ತಿದಾಗ ಅತ್ತೆಯವರು ಆ ಒದ್ದೆ ಟವೆಲನ್ನೇ ನನ್ನ ಕೈಗಿಟ್ಟು, "ಇದರಾಗ ಒರಿಸಿಕೋ, ನೀ ಏನು ಹೊರಗಿನಾಕಿ?" ಎಂದಿದ್ದರು. ನನಗೆ ಕಣ್ಣು ತುಂಬಿ ಬಂದಿತ್ತು, ಅದನ್ನೂ ಅದೇ ಟವೆಲಿನಲ್ಲೇ ಒರೆಸಿಕೊಂಡೆ. ಒಂದು ಮನೆಯವರಾಗುವುದೆಂದರೆ ಇದೇ ಎಂದು ನಾನು ಇಷ್ಟು ವರ್ಷ ನಂಬಿಕೊಂಡು ಬಂದೆ. ಆ ನಂಬಿಕೆಯನ್ನು ಅಲುಗಾಡಿಸಿದ್ದು ಯಾವ ತತ್ತ್ವಜ್ಞಾನಿಯೂ ಅಲ್ಲ, ನನ್ನದೇ ಬಲಗೈ.

ಆ ಬಲಗೈಯ ಬಗ್ಗೆ ಸ್ವಲ್ಪ ಹೇಳಬೇಕು. ನನ್ನ ಬಾಯಿಂದ ನಾನೇ ಹೇಳಿಕೊಂಡರೆ ಚೆಂದ ಕಾಣುವುದಿಲ್ಲ, ಆದರೂ ಹೇಳುತ್ತೇನೆ: ನನ್ನದು ಕೈಗುಣವುಳ್ಳ ಕೈ ಎಂದು ಓಣಿಯಲ್ಲಿ ಹೆಸರು. ಉಪ್ಪಿನಕಾಯಿಗೂ ಸರಿ, ಹಪ್ಪಳಕ್ಕೂ ಸರಿ, ಎಲ್ಲಕ್ಕಿಂತ ಹೆಚ್ಚಾಗಿ ಕೂಸುಗಳಿಗೆ ಎರೆಯುವುದಕ್ಕೆ. ಎರೆಯುವುದೆಂದರೆ ನೀವು ನಿಮ್ಮ ಊರಲ್ಲಿ ಸ್ನಾನ ಮಾಡಿಸುವುದು ಎನ್ನುತ್ತೀರೇನೋ, ಅಷ್ಟೇ ಅಲ್ಲ ಅದು. ಬಚ್ಚಲಲ್ಲಿ ಕಾಲು ಚಾಚಿ ಕುಳಿತು, ಎಳೆಗೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಬೆಚ್ಚನೆಯ ಎಣ್ಣೆಯಿಂದ ಮೈಯೆಲ್ಲ ತೀಡಿ, ಕಡಲೆಹಿಟ್ಟು ಹಚ್ಚಿ, ಹದವಾದ ಬಿಸಿನೀರನ್ನು ಅಂಗೈಯ ಮೂಲಕ ಸುರಿಯಬೇಕು. ನೀರು ಕೂಸಿಗೆ ಮುಟ್ಟುವ ಮೊದಲು ಕೈಗೆ ಮುಟ್ಟಬೇಕು. ಅತ್ತು ಅತ್ತು ಕೆಂಪಗಾದ ಕೂಸುಗಳು ನನ್ನ ಕಾಲ ಮೇಲೆ ಆಕಳಿಸಿದ್ದನ್ನು ಓಣಿಯೇ ನೋಡಿದೆ. ಹೀಗಿರುವಾಗ ನನ್ನ ಮಗಳು ವಿದ್ಯಾ ಚೊಚ್ಚಲ ಬಸುರಿಯಾಗಿ ಹಾವೇರಿಯ ಗಂಡನ ಮನೆಯಿಂದ ತವರಿಗೆ ಬಂದಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ ಆಸೆ. ಊರ ಕೂಸುಗಳಿಗೆಲ್ಲ ಎರೆದ ಈ ಕೈ ನನ್ನ ಸ್ವಂತ ಮೊಮ್ಮಗುವಿಗೆ ಎರೆಯಬೇಕು. ಎಣ್ಣೆ ಯಾವ ಬಟ್ಟಲಲ್ಲಿ ಕಾಸಬೇಕೆಂಬುದು ಕೂಡ ನಿಶ್ಚಯವಾಗಿತ್ತು.

ಆಗಲೇ ಕೈ ತುರಿಸಲು ಶುರುವಾಯಿತು.

ಕಾಲ ಬೇರೆ ಎಂಥದ್ದು ನೋಡಿ. ಬಾಣಂತನ ಶುರುವಾದರೆ ಖಾರ ಕುಟ್ಟಿಸಲು ಬಿಡುವು ಸಿಗುವುದಿಲ್ಲವೆಂದು ಬ್ಯಾಡಗಿಯ ನನ್ನ ತವರಿನಿಂದ ಮೆಣಸಿನಕಾಯಿ ಚೀಲ ತರಿಸಿಕೊಂಡಿದ್ದೆ. ನನ್ನ ಅಣ್ಣ ಬಸಣ್ಣ ಅಲ್ಲಿನ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ವ್ಯಾಪಾರಿ. ತಂಗಿಗೆಂದರೆ ಸುಕ್ಕುಗಟ್ಟಿದ, ಕಡುಗೆಂಪಿನ, ಎತ್ತಿದರೆ ಗಿಲಗಿಲ ಎನ್ನುವ ಮಾಲನ್ನೇ ಆರಿಸಿ ಕಳಿಸುತ್ತಾನೆ. ದಿನಾ ಮಧ್ಯಾಹ್ನ ಪಡಸಾಲೆಯಲ್ಲಿ ಕುಳಿತು ತೊಟ್ಟು ಮುರಿಯುತ್ತಿದ್ದೆ. ಅಂಗೈ ಉರಿಯಿತು, ತುರಿಸಿತು, ಸಿಪ್ಪೆ ಎದ್ದಿತು. ಖಾರ ಹತ್ತಿದೆ ಎಂದುಕೊಂಡೆ. ಬ್ಯಾಡಗಿಯಲ್ಲಿ ಹುಟ್ಟಿದವರಿಗೆ ಜಗತ್ತಿನ ಸಕಲ ವ್ಯಾಧಿಗಳಿಗೂ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಸೀನು ಬಂದರೆ ಮೆಣಸಿನಕಾಯಿ ಘಾಟು, ಕಣ್ಣು ಕೆಂಪಾದರೆ ಮೆಣಸಿನಕಾಯಿ ಧೂಳು. ಸೊಸೆ ಅಡುಗೆಮನೆಯಲ್ಲಿ ಅತ್ತರೂ ಆ ಆರೋಪ ಮೆಣಸಿನಕಾಯಿಯ ತಲೆಗೇ. ಹೀಗಾಗಿ ನಾನು ಒಂದು ದಿನ ಬೆಣ್ಣೆ ಸವರಿದೆ, ಮರುದಿನ ಮಜ್ಜಿಗೆಯಲ್ಲಿ ಕೈ ಅದ್ದಿದೆ, ಆಮೇಲೆ ಕುಸುಬೆ ಎಣ್ಣೆ ಮೆತ್ತಿ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಕುಳಿತೆ. ಕೈಯೊಳಗೆ ಸೇರಿಕೊಂಡಿದ್ದ ಆ ಅತಿಥಿಗೆ ಬೆಚ್ಚಗೆ, ತೇವವಾಗಿ, ಕತ್ತಲಲ್ಲಿ ಇಂಥ ಉಪಚಾರ ಹಿಂದೆಂದೂ ಸಿಕ್ಕಿರಲಾರದು.

ಯಜಮಾನರಿಗೆ ಊರಲ್ಲಿ ಬೀಜ ಮತ್ತು ಬೆಳೆ ಔಷಧಿಗಳ ಅಂಗಡಿಯಿದೆ. ಹಲಗೇರಿ, ದೇವರಗುಡ್ಡದ ಕಡೆಯ ರೈತರು ಒಣಗಿದ ಎಲೆಯೊಂದನ್ನು ಜೇಬಿನಿಂದ ತೆಗೆದು ಕೌಂಟರಿನ ಮೇಲಿಟ್ಟರೆ ಸಾಕು, ಕನ್ನಡಕ ಮೇಲೇರಿಸಿ, ರೋಗದ ಹೆಸರು, ಔಷಧದ ಹೆಸರು, ಎಷ್ಟು ನೀರಿಗೆ ಎಷ್ಟು ಎಂದು ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ನನ್ನ ಅಂಗೈಯನ್ನೂ ಅವರು ಹಾಗೆಯೇ ಎಲೆಯಂತೆ ಹಿಡಿದು, ಮಗುಚಿ, ಬೆಳಕಿಗೆ ಒಡ್ಡಿ ನೋಡಿದರು.

"ಇದು ಬೂದಿ ರೋಗ ಇದ್ದಂಗ ಐತಲ್ಲ. ಗಿಡಕ್ಕಾಗಿದ್ರ ಈಗಿಂದೀಗ ಒಂದು ಪಂಪು ಹೊಡಸ್ತಿದ್ದೆ," ಎಂದರು.

"ನನ್ನ ಮ್ಯಾಲೆ ಪಂಪು ಹೊಡೀರಿ, ಆಮ್ಯಾಲೆ ನಿಮಗ ಅನ್ನ ಯಾರು ಹಾಕ್ತಾರ ನೋಡೂಣು," ಎಂದು ಕೈ ಕಿತ್ತುಕೊಂಡೆ.

ಆದರೂ ಪಾಪ, ಸಂಜೆ ಬರುವಾಗ ಔಷಧಿ ಅಂಗಡಿಯಲ್ಲಿ ಕೇಳಿ ಒಂದು ಟ್ಯೂಬು ತಂದರು. ಆಹಾ, ಆ ಟ್ಯೂಬಿನ ಪವಾಡವೇ! ಹಚ್ಚಿದ ಎರಡು ದಿನಕ್ಕೆ ತುರಿಕೆ ಮಾಯ, ಕೆಂಪು ಮಾಯ. ನಾನು ಅದನ್ನು ದೇವರ ಜಗಲಿಯ ಮೇಲಿಟ್ಟು ಕುಂಕುಮ ಹಚ್ಚುವುದೊಂದು ಬಾಕಿ ಉಳಿದಿತ್ತು. ಹಚ್ಚುವುದನ್ನು ಬಿಟ್ಟೆ, ಅದು ತಿರುಗಿ ಬಂತು. ಬರುವಾಗ ಬರಿಗೈಯಲ್ಲಿ ಬರಲಿಲ್ಲ; ಅಂಗೈಯಲ್ಲಿದ್ದದ್ದು ಮುಂಗೈಗೆ ಹತ್ತಿ, ಬಳೆಗೆ ಸಮನಾಗಿ ಇನ್ನೊಂದು ಕೆಂಪು ಬಳೆ ತೊಡಿಸಿ ಕುಳಿತಿತು. ಮತ್ತೆ ಹಚ್ಚಿದೆ, ಅಡಗಿತು, ಬಿಟ್ಟೆ, ಎದ್ದಿತು. ಮಗಳ ಕಣ್ಣಿಗೆ ಬೀಳದಂತೆ ಸೆರಗಿನಲ್ಲಿ ಕೈ ಮುಚ್ಚಿಕೊಂಡು ಓಡಾಡತೊಡಗಿದೆ. ಕಂಡರೆ ಅವಳು ಡಾಕ್ಟರ್ ಎನ್ನುತ್ತಾಳೆ, ಡಾಕ್ಟರು ಕೂಸನ್ನು ಮುಟ್ಟಬೇಡ ಎನ್ನುತ್ತಾರೆ ಎಂಬ ಹೆದರಿಕೆ ನನಗೆ. ಖರೇ ಹೇಳಬೇಕೆಂದರೆ, ಅದು ಖಾರವಲ್ಲವೆಂದು ನನಗೆ ಆಗಲೇ ಅನುಮಾನ ಬಂದಿತ್ತು. ಆದರೆ ಖಾರವೇ ಆಗಿರಲಿ ಎಂಬ ಹಟವೂ ಇತ್ತು.

ಕೊನೆಗೆ ನನ್ನನ್ನು ಡಾಕ್ಟರ ಬಳಿ ಅಟ್ಟಿದ್ದು ಮಗಳೂ ಅಲ್ಲ, ಯಜಮಾನರೂ ಅಲ್ಲ; ಬಸಣ್ಣ. ಫೋನಿನಲ್ಲಿ ಮಾತಾಡುತ್ತ, ಈ ಸಲದ ಮೆಣಸಿನಕಾಯಿ ಕೈ ಸುಟ್ಟುಬಿಟ್ಟಿತು ಮಾರಾಯ, ಇನ್ನೂ ಉರಿ ಹೋಗಿಲ್ಲ ಎಂದೆ. ತಂಗಿಯ ಕೈಗೆ ಏನಾಯಿತೋ ಎಂದು ಗಾಬರಿಯಾಗುತ್ತಾನೆ ಎಂದುಕೊಂಡಿದ್ದೆ.

"ಏನಂದಿ? ಬ್ಯಾಡಗಿ ಮೆಣಸಿನಕಾಯಿ ಕೈ ಸುಡತಾ? ಗಿರಿಜವ್ವ, ನೀ ಈ ಊರಾಗ ಹುಟ್ಟಿದಾಕಿ ಹೌದೋ ಅಲ್ಲೋ? ನಮ್ಮ ಕಾಯಿ ಇರೋದು ಬಣ್ಣಕ್ಕ. ಬಣ್ಣ ಬಿಡತೈತಿ, ಸುಡೂದಿಲ್ಲ. ಒಂದಿನ ಚುರು ಚುರು ಅಂತೈತಿ, ಮರುದಿನ ಹೋಗತೈತಿ. ಇಷ್ಟು ದಿನ ಉರಿಯಾಕತ್ತೈತಿ ಅಂದ್ರ ಅದು ನನ್ನ ಮಾಲಿನ ತಪ್ಪಲ್ಲ, ನಿನ್ನ ಕೈಯಾಗ ಏನೋ ಐತಿ. ಲಗೂನ ಡಾಕ್ಟರ್ ಕಡೆ ಹೋಗು. ಮತ್ತ ಅಲ್ಲಿತನಕ ಯಾರ ಮುಂದೂ ಈ ಮಾತು ಆಡಬ್ಯಾಡ, ನನ್ನ ಹೊಟ್ಟಿ ಮ್ಯಾಲೆ ಹೊಡದಂಗ ಆಗತೈತಿ."

ಮೆಣಸಿನಕಾಯಿಯ ಮಾನ ಕಾಪಾಡುವುದಕ್ಕಾಗಿ ನಾನು ಚರ್ಮದ ಡಾಕ್ಟರ ಬಳಿ ಹೋದೆ ಎಂದರೆ ನೀವು ನಂಬಬೇಕು.

ಡಾಕ್ಟರ್ ಬಾಯಿ, ನಿಮ್ಮ ಕಡೆಯ ಡಾಕ್ಟರಮ್ಮ, ನನ್ನ ಮಗಳಿಗಿಂತ ತುಸು ದೊಡ್ಡವಳಿರಬೇಕು. ಕೈಯನ್ನು ನೋಡಿದವಳೇ, "ಅಮ್ಮಾರ, ಚಪ್ಪಲಿ ಬಿಡ್ರಿ, ಕಾಲು ತೋರಸ್ರಿ," ಎಂದಳು.

"ಬ್ಯಾನಿ ಇರೋದು ಕೈಗವಾ," ಎಂದೆ, ಆಕೆಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು.

"ಕೈಗ ಬಂದಿರೋದು ಕಾಲಿಂದ ಇರತೈತ್ರಿ. ತೋರಸ್ರಿ."

ತೋರಿಸಿದೆ. ಬೆರಳ ಸಂದಿಗಳಲ್ಲಿ ಬೆಳ್ಳಗೆ, ಹಿಮ್ಮಡಿಯ ಸುತ್ತ ಹಿಟ್ಟು ಉದುರಿದ ಹಾಗೆ. ಅದನ್ನು ನಾನು ವಯಸ್ಸಾದವರ ಕಾಲು ಎಂದೇ ತಿಳಿದಿದ್ದೆ. ಬಲಗೈಯಿಂದ ಕಾಲು ಕೆರೆದುಕೊಳ್ಳುವುದು, ಆ ಕೈಯೇ ಸೋಂಕು ಹತ್ತಿಸಿಕೊಳ್ಳುವುದು, ಎಡಗೈ ಮಾತ್ರ ಏನೂ ಅರಿಯದ ಸಜ್ಜನನಂತೆ ಉಳಿಯುವುದು, ಇದು ಬಹಳ ಜನರಲ್ಲಿ ನಡೆಯುವ ಕಥೆಯಂತೆ. ಚರ್ಮದ ಹೊಟ್ಟನ್ನು ಗಾಜಿನ ಮೇಲೆ ಕೆರೆದುಕೊಂಡು ಸೂಕ್ಷ್ಮದರ್ಶಕದಲ್ಲಿ ನೋಡಿ ಬಂದು, ನಾನು ತಂದು ತೋರಿಸಿ ಹೊಗಳುತ್ತಿದ್ದ ಪವಾಡದ ಟ್ಯೂಬನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. "ಇದರಾಗ ಸ್ಟಿರಾಯ್ಡ್ ಐತ್ರಿ. ಕೆರತ, ಕೆಂಪು ಎಲ್ಲಾ ಮುಚ್ಚಿ ಹಾಕತೈತಿ, ಒಳಗ ಬೂಷ್ಟು ಮಾತ್ರ ಆರಾಮ ಬೆಳೀತೈತಿ. ಇನ್ನ ಮ್ಯಾಲೆ ಇದನ್ನ ಮುಟ್ಟಬ್ಯಾಡ್ರಿ. ಇದು ಖಾರ ಅಲ್ಲ, ಹುಳುಕಡ್ಡಿ. ಶಿಲೀಂಧ್ರದ ಸೋಂಕು."

ಶಿಲೀಂಧ್ರ! ಎಂಥ ಘನವಾದ ಹೆಸರು ನೋಡಿ. ಯಾವುದೋ ಪುರಾಣದ ರಾಜನಿಗೋ ಋಷಿಗೋ ಇರಬೇಕಾದದ್ದು, ಅಂಗೈಯ ತುರಿಕೆಗೆ ಬಂದು ಕುಳಿತಿದೆ. ಮಳೆಗಾಲದಲ್ಲಿ ತಿಪ್ಪೆಯ ಪಕ್ಕ ಛತ್ರಿ ಬಿಚ್ಚಿ ನಿಲ್ಲುವ ಅಣಬೆ, ಬೇಕರಿಯ ಬ್ರೆಡ್ಡನ್ನು ಉಬ್ಬಿಸುವುದು, ಅದೇ ಬ್ರೆಡ್ಡನ್ನು ನಾಲ್ಕು ದಿನ ಬಿಟ್ಟರೆ ಹಸಿರಾಗಿಸುವುದು, ಯಜಮಾನರ ಗಿರಾಕಿಗಳ ಗಿಡವನ್ನು ಒಣಗಿಸುವುದು, ಎಲ್ಲವೂ ಒಂದೇ ವಂಶವಂತೆ. ಅವರು ಬೂದಿ ರೋಗ ಎಂದದ್ದು ಪೂರಾ ತಪ್ಪಾಗಿರಲಿಲ್ಲವಲ್ಲ ಎಂದು ನನಗೆ ಸಿಟ್ಟೇ ಬಂತು. ಅವರಿಗೆ ಇದನ್ನು ಹೇಳಬಾರದೆಂದುಕೊಂಡೆ, ಹೇಳಿಯೂ ಇಲ್ಲ.

ನನಗೆ ಬೇಕಾಗಿದ್ದ ಪ್ರಶ್ನೆಯನ್ನು ಕೊನೆಗೆ ಕೇಳಿದೆ. "ಮಗಳು ಇವತ್ತೋ ನಾಳೆಯೋ ಹಡೀತಾಳ. ಕೂಸಿಗೆ ನಾನ ಎರಿಬೇಕು."

ಡಾಕ್ಟರ್ ಬಾಯಿ ಪೆನ್ನು ಕೆಳಗಿಟ್ಟಳು. "ಬ್ಯಾಡ್ರಿ ಅಮ್ಮಾರ. ಎಳಿಗೂಸಿನ ಚರ್ಮ ಅದು. ಎಣ್ಣಿ ತೀಡೋದು, ಎರಿಯೋದು ಎಲ್ಲಾ ಮೈಗೆ ಮೈ ಹತ್ತೋ ಕೆಲಸ. ಪೂರಾ ಹೋಗೇತಿ ಅಂತ ನಾ ನೋಡಿ ಹೇಳೂತನಕ ಬ್ಯಾಡ. ನೀರಿಂದ ದೂರ ಇದ್ದಷ್ಟು ನಿಮ್ಮ ಕೈಗೂ ಚಲೋ."

ಬಸ್ ಸ್ಟ್ಯಾಂಡಿನವರೆಗೆ ಅಳು ತಡೆದುಕೊಂಡೆ. ಅಲ್ಲಿ ತಡೆಯಲಾಗಲಿಲ್ಲ.

ಮನೆಗೆ ಬಂದು, ಬಂದ ಸಿಟ್ಟನ್ನೆಲ್ಲ ಟವೆಲಿನ ಮೇಲೆ ತೀರಿಸಿಕೊಂಡೆ. ಎಲ್ಲರದೂ ಬೇರೆ ಬೇರೆ ಇರಬೇಕು, ಬಿಸಿನೀರಲ್ಲಿ ಒಗೆದು ಬಿಸಿಲಲ್ಲಿ ಒಣಗಬೇಕು, ಮನೆಯವರ ಕಾಲುಗಳನ್ನೂ ನೋಡಬೇಕು ಎಂದಿದ್ದಳು ಡಾಕ್ಟರ್. ಯಜಮಾನರ ಬೂಟು ಬಿಚ್ಚಿಸಿದೆ. ಅಯ್ಯೋ ಶಿವನೇ! ಗೊಬ್ಬರದ ಧೂಳು ಎಂದು ಅವರು ವರ್ಷಗಟ್ಟಲೆ ಕೆರೆದುಕೊಳ್ಳುತ್ತಿದ್ದ ಆ ಬೆರಳ ಸಂದಿಗಳಲ್ಲಿ ಇಡೀ ಮನೆತನಕ್ಕೆ ಹಂಚುವಷ್ಟು ದಾಸ್ತಾನಿತ್ತು. ಊರ ಗಿಡಗಳಿಗೆಲ್ಲ ಮದ್ದು ಕೊಡುವ ಮಹಾನುಭಾವರು! ಇಷ್ಟು ವರ್ಷದ ದಾಂಪತ್ಯದಲ್ಲಿ ನಾನು ಕೇಳದೆಯೇ ಅವರು ತಂದುಕೊಟ್ಟ ಉಡುಗೊರೆ ಇದೊಂದೇ. ಅದನ್ನು ಆ ಒಂದೇ ಟವೆಲು ಅಂಚೆಯವನಂತೆ ತಲುಪಿಸಿತ್ತು. ಮರುದಿನ ಅವರೇ ಸುತ್ತಿಗೆ ಹಿಡಿದು ಮೊಳೆ ಹೊಡೆದರು. ಬೈಸಿಕೊಳ್ಳುತ್ತ ಹೊಡೆದದ್ದರಿಂದ ಒಂದೆರಡು ವಾರೆಯಾಗಿವೆ.

ಹೊಸ ಮುಲಾಮು ಹಳೆಯದರಂತೆ ಪವಾಡ ತೋರಿಸುವ ಜಾತಿಯದಲ್ಲ. ಬೆಳಿಗ್ಗೆ ಸಂಜೆ, ಕೈಗೂ ಕಾಲಿಗೂ, ಕೆಂಪು ಅಂಚನ್ನು ದಾಟಿ ಒಳ್ಳೆಯ ಚರ್ಮದ ಮೇಲೂ ತುಸು ಹಚ್ಚಬೇಕು. ಪಾತ್ರೆ ತೊಳೆಯಬೇಕಾದರೆ ಹತ್ತಿಯ ಗವಸು, ಅದರ ಮೇಲೆ ರಬ್ಬರಿನದು. ಆ ವೇಷದಲ್ಲಿ ನಾನು ಸಾರಿನ ಪಾತ್ರೆ ಹಿಡಿದರೆ ಆಪರೇಷನ್ ಮಾಡಲು ನಿಂತವಳ ಹಾಗೆ ಕಾಣುತ್ತಿದ್ದೆ. ರೊಟ್ಟಿ ಬಡಿಯುವುದು ಬಂದಾಗಿ, ಪಕ್ಕದ ಖಾನಾವಳಿಯ ರೊಟ್ಟಿ ಮನೆಗೆ ಬಂತು. ಎಲ್ಲಕ್ಕಿಂತ ಕಷ್ಟವಾದದ್ದು ತುರಿಕೆ ನಿಂತ ಮೇಲೆ. ಕೈ ನೋಡಿದರೆ ಏನೂ ಇಲ್ಲ, ನುಣ್ಣಗಿದೆ; ಆದರೂ ಹಚ್ಚು ಎನ್ನುತ್ತಾಳೆ ಡಾಕ್ಟರ್. ಕಾಣುವ ರೋಗಕ್ಕೆ ಮದ್ದು ಹಚ್ಚಲು ಯಾರಿಗಾದರೂ ಬುದ್ಧಿಯಿರುತ್ತದೆ. ಕಾಣದ್ದಕ್ಕೆ ವಾರಗಟ್ಟಲೆ ಹಚ್ಚುತ್ತ ಕೂಡುವುದಕ್ಕೆ ಒಂದು ಬಗೆಯ ಭಕ್ತಿಯೇ ಬೇಕು. ನನಗೆ ಆ ಭಕ್ತಿ ಕೊಟ್ಟದ್ದು ಮೊಮ್ಮಗಳು. ಏಕೆಂದರೆ ಅಷ್ಟರಲ್ಲಿ ಅವಳು ಹುಟ್ಟಿಬಿಟ್ಟಿದ್ದಳು.

ಕೂಸು ಮನೆಗೆ ಬಂತು, ಹೊಕ್ಕಳಬಳ್ಳಿ ಬಿತ್ತು, ಇನ್ನು ಎರೆಯಬಹುದು ಎಂದಾಯಿತು. ಎರೆಯುವವರು ಯಾರು? ವಿದ್ಯಾ ನನ್ನ ಮುಖ ನೋಡದೆ ಹಾವೇರಿಗೆ ಫೋನು ಮಾಡಿದಳು. ಮರುದಿನ ಅವಳ ಅತ್ತೆ ಶಾಂತಕ್ಕ, ನನ್ನ ಬೀಗತಿ, ಒಂದು ಕೈಚೀಲ ಹಿಡಿದು ಬಂದಿಳಿದರು. ನೀವೇ ವಿಚಾರ ಮಾಡಿ. ಚೊಚ್ಚಲ ಬಾಣಂತನ ಹೆಣ್ಣಿನ ತವರಿನದು, ಅದು ನಮ್ಮ ಕಡೆಯ ಪದ್ಧತಿ, ನನ್ನ ಹಕ್ಕು. ಅಂಥದ್ದರಲ್ಲಿ ಬೀಗತಿ ನನ್ನ ಬಚ್ಚಲಿನಲ್ಲಿ, ನಾನು ಆರಿಸಿಟ್ಟ ಬಟ್ಟಲಲ್ಲಿ ಎಣ್ಣೆ ಕಾಸಿಕೊಂಡು, ನನ್ನ ಮೊಮ್ಮಗಳನ್ನು ಕಾಲ ಮೇಲೆ ಹಾಕಿಕೊಂಡು ಕುಳಿತಿದ್ದಾರೆ! ನನ್ನ ಹೊಟ್ಟೆಯಲ್ಲಿ ಬಸಣ್ಣನ ಇಡೀ ಅಂಗಡಿಯ ಮೆಣಸಿನಕಾಯಿಗೆ ಬೆಂಕಿ ಬಿದ್ದಿತ್ತು.

ಆದರೆ ಆ ಹೆಂಗಸು ತಲೆ ಎತ್ತಿ, "ಬೀಗತ್ಯಾರ, ಇಲ್ಲೆ ಬಾಜೂಕ ಕುಂದ್ರಿ. ನನಗ ರೂಢಿ ಇಲ್ಲ. ನೀವು ಹೇಳ್ರಿ, ನಾ ಎರಿತೇನಿ," ಎಂದುಬಿಟ್ಟರು.

ನಾನು ಹೇಳಿದೆ. ಬೇಕಾದದ್ದಕ್ಕಿಂತ ಹೆಚ್ಚೇ ಹೇಳಿದೆ. ನೀರು ಬಿಸಿಯಾಯಿತು ಎಂದೆ, ತಣ್ಣಗಾಯಿತು ಎಂದೆ, ಕುತ್ತಿಗೆ ಹಿಡಿಯುವುದು ಹಾಗಲ್ಲ ಎಂದೆ, ಹಾವೇರಿಯಲ್ಲಿ ಹೀಗೆ ಮಾಡುತ್ತಾರೇನು ಎಂದು ಕೂಡ ಕೇಳಿದೆ. ಅವರು ಒಂದಕ್ಕೂ ಎದುರಾಡದೆ ಹೇಳಿದಂತೆ ಮಾಡಿದರು. ಮೂರನೆಯ ದಿನಕ್ಕೋ ನಾಲ್ಕನೆಯ ದಿನಕ್ಕೋ ಕೂಸು ಅವರ ಕಾಲ ಮೇಲೆ ಆಕಳಿಸಿತು. ಕೊಸರುವ ಕೂಸು ನನ್ನ ಕಾಲ ಮೇಲೆ ಮಾತ್ರ ಮಲಗುತ್ತದೆ ಎಂಬ ನನ್ನ ಬಿರುದು ಅಲ್ಲಿಗೆ ಹೋಯಿತು. ಆಗ ಅವರು ಕೂಸಿನ ಬೆನ್ನಿಗೆ ನೀರು ಹಾಕುತ್ತ ತಮ್ಮಷ್ಟಕ್ಕೆ ತಾವೇ ಹೇಳಿದ್ದು ಇಷ್ಟು: "ನನಗ ಇರೋವರೆಲ್ಲಾ ಗಂಡುಮಕ್ಕಳು. ಸೊಸೆಂದ್ರು ತವರಿಗೆ ಹೋಗಿ ಹಡದು, ಕೂಸು ಕುಂದ್ರೂವಂಗ ಆದಮ್ಯಾಲೆ ಕರಕೊಂಡು ಬರ್ತಾರ. ಇಷ್ಟು ಸಣ್ಣ ಮೊಮ್ಮಗುನ ಮುಟ್ಟಿದ್ದ ಇದ ಮೊದಲರಿ." ಅಂದು ನಾನು ನೀರು ತಣ್ಣಗಾಗಿದೆ ಎಂದು ಹೇಳುವುದನ್ನು ಬಿಟ್ಟೆ.

ಕಡೆಗೊಂದು ದಿನ ಡಾಕ್ಟರ್ ಬಾಯಿ ಮತ್ತೆ ಹೊಟ್ಟು ಕೆರೆದು ನೋಡಿ, ಕೈ ಕಾಲು ಎರಡೂ ಸ್ವಚ್ಛ, ಹೋಗಿ ಕೂಸಿಗೆ ಎರೆಯಿರಿ ಎಂದಳು. ಆಟೋದವನಿಗೆ ಅವಸರ ಮಾಡಿಸಿ ಮನೆಗೆ ಬಂದೆ. ಸುದ್ದಿ ಹೇಳಿದೆ. ಶಾಂತಕ್ಕ ನಕ್ಕರು, ತಾವೇ ಮಣೆ ಹಾಕಿದರು, ತಾವೇ ಎಣ್ಣೆಯ ಬಟ್ಟಲು ತಂದಿಟ್ಟರು, ಎಲ್ಲವನ್ನೂ ಎಡಗೈಯಲ್ಲಿ. ಬಲಗೈ ಸೆರಗಿನೊಳಗಿತ್ತು. ಸೆರಗಿನಲ್ಲಿ ಕೈ ಬಚ್ಚಿಡುವ ವಿದ್ಯೆಯಲ್ಲಿ ನಾನು ಪಳಗಿದವಳು, ನನ್ನ ಕಣ್ಣು ತಪ್ಪಿಸಲು ಸಾಧ್ಯವೇ? ಹಿಡಿದು ಎಳೆದು ನೋಡಿದೆ. ನಡುಬೆರಳು, ಉಂಗುರಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗೆ ನೆನೆದು, ನಡುವೆ ಕೆಂಪಾಗಿ ಸುಲಿದಿತ್ತು. ದಿನಾ ನೀರು, ಎಣ್ಣೆ, ಹಿಟ್ಟು, ಬಾಣಂತಿಯ ಬಟ್ಟೆ. ಒಣಗಲು ಆ ಕೈಗೆ ಯಾರೂ ಹೊತ್ತು ಕೊಟ್ಟಿರಲಿಲ್ಲ.

"ಇದೇನ್ರಿ ಬೀಗತ್ಯಾರ?"

"ಏನಿಲ್ರಿ. ಮೊನ್ನೆ ನಿಮ್ಮ ಮೆಣಸಿನಕಾಯಿ ಉಳದಿದ್ದು ತೊಟ್ಟು ಮುರದ್ನಲ್ಲಾ? ಖಾರ ಹತ್ತೈತಿ, ಹೋಗತೈತಿ ಬಿಡ್ರಿ."

ನನಗೆ ನಗು ತಡೆಯಲಾಗಲಿಲ್ಲ. ಒಳಗೆ ಕೂಸು ಎಚ್ಚರವಾಗುವಷ್ಟು ನಕ್ಕೆ. "ಬೀಗತ್ಯಾರ, ಅದು ಬ್ಯಾಡಗಿ ಕಾಯಿರಿ! ಬಣ್ಣ ಬಿಡತೈತಿ, ಸುಡೂದಿಲ್ಲ. ನಮ್ಮ ಬಸಣ್ಣನ ಕಿವಿಗೆ ಬಿತ್ತಂದ್ರ ನಿಮ್ಮ ಮ್ಯಾಲೆ ಕೇಸ್ ಹಾಕ್ತಾನ."

ಶಾಂತಕ್ಕ ನಗಲಿಲ್ಲ. ಕೈಯನ್ನು ಹಿಂದಕ್ಕೆ ಎಳೆದುಕೊಂಡು, ನೆಲ ನೋಡುತ್ತ ಹೇಳಿದರು: "ಇಷ್ಟಕ್ಕ ನನ್ನನ್ನ ಹಾವೇರಿಗೆ ಕಳಸಬ್ಯಾಡ್ರಿ. ನಾ ಕೂಸಿನ್ನ ಮುಟ್ಟೂದಿಲ್ಲ, ದೂರ ಕುಂತು ನೋಡತೇನಿ."

ಆ ಹೆದರಿಕೆ ನನಗೆ ಗೊತ್ತಿತ್ತು. ಅದೇ ಹೆದರಿಕೆಯಿಂದ ನಾನೂ ಖಾರದ ಹೆಸರು ಹೇಳಿದ್ದೆ.

"ಯಾರು ಕಳಸ್ತಾರ ನಿಮ್ಮನ್ನ? ನಾಳೆ ಮುಂಜಾನೆ ಇಬ್ಬರೂ ಕೂಡಿ ಡಾಕ್ಟರ್ ಕಡೆ ಹೋಗೂಣು," ಎಂದೆ. ಕಾಲು ಚಾಚಿ ಕುಳಿತು, ಮಗಳ ಕೈಯಿಂದ ಕೂಸನ್ನು ಇಸಿದುಕೊಂಡು ಕಾಲ ಮೇಲೆ ಮಲಗಿಸಿಕೊಂಡೆ. ಎಷ್ಟು ದಿನದಿಂದ ಕಾದಿದ್ದ ಭಾರ ಅದು, ಇಷ್ಟೇ ಇಷ್ಟು. "ಇಲ್ಲೆ ಬಾಜೂಕ ಕುಂದ್ರಿ ಬೀಗತ್ಯಾರ. ಈಕಿ ನಿಮ್ಮ ಕೈಗ ರೂಢಿ ಆಗ್ಯಾಳ. ನೀವು ಹೇಳ್ರಿ, ನಾ ಎರಿತೇನಿ."

ಅವರು ಕುಳಿತರು. ಮೂಗು ಏರಿಸಿಕೊಂಡು, "ನೀರು ಒಂಚೂರು ಬಿಸಿ ಆಗೈತ್ರಿ," ಎಂದರು.

ಎರೆದು ಮುಗಿಸಿ ಹೊರಗೆ ಬಂದಾಗ ಗಮನಿಸಿದೆ: ಬಂದಾಗಿನಿಂದ ಶಾಂತಕ್ಕನ ಹಸಿರು ಟವೆಲು, ಒದ್ದೆಯಾದದ್ದು ಒದ್ದೆಯಾಗಿಯೇ, ಮಡಿಚಿ ಅವರ ಕೈಚೀಲದ ಬಾಯಲ್ಲಿ ಸಿಕ್ಕಿಸಿದೆ. ಇದ್ದಷ್ಟು ದಿನವೂ ನಾಳೆ ಹೊರಡುವವರ ಹಾಗೆ ಅವರು ಅದನ್ನು ಅಲ್ಲಿಂದಲೇ ತೆಗೆದು ಅಲ್ಲಿಯೇ ಇಡುತ್ತಿದ್ದರು. ಒಗೆದು ಬಿಸಿಲಿಗೆ ಹಾಕಿದೆ. ಯಜಮಾನರು ಊಟಕ್ಕೆ ಬಂದಾಗ, ತಾಟು ಹಾಕುವ ಮೊದಲು, ಸುತ್ತಿಗೆಯನ್ನು ಅವರ ಕೈಗೆ ಕೊಟ್ಟು, ಸಾಲಿನ ಕೊನೆಗೆ ಇನ್ನೊಂದು ಮೊಳೆ ಹೊಡೆಯಲು ಹೇಳಿದೆ.

"ಇದು ಯಾರಿಗೆ?" ಎಂದರು.

"ಮನಿಯವರಿಗೆ," ಎಂದೆ.